ಮೂಗಿಗೆ ಗುರಿ

ಕೂತ್ಕೋ ತಂಗೀ. ಆ ಸ್ಟೂಲು ಅಲ್ಲಾಡುತ್ತೆ, ಇದರ ಮೇಲೆ.
ಪೊನ್ನಂಪೇಟೆ ಟೈಲರ್ ದಾಮೋದರನ ಮಗಳಲ್ವಾ?
ಗೋಣಿಕೊಪ್ಪದ ಮೆಟ್ಟಿಲು ಹತ್ತಿ ಬಂದವಳೇ
ಶಟರ್ ಕೌಂಟ್ ಎಷ್ಟು ಅಂತ ಕೇಳಿದೆ.
ನಿನ್ನಪ್ಪನ ಮಿಷನ್ನು ಇಲ್ಲಿಯವರೆಗೆ ಎಷ್ಟು ಹೊಲಿಗೆ ಹಾಕಿದೆ
ಅಂತ ಯಾರಾದರೂ ಕೇಳಿದ್ದಾರಾ?
ಇರಲಿ. ಎರಡು ಲಕ್ಷ ಎಂಬತ್ತೊಂದು ಸಾವಿರದ
ನಾನೂರ ಹದಿಮೂರು.
ಕಂಪನಿಯವರು ಎರಡು ಲಕ್ಷಕ್ಕೇ ಕೈ ಎತ್ತಿದ್ದರು.

ದೋಷ ಮೊದಲು ಹೇಳಿಬಿಡ್ತೀನಿ.
ಹಿಡಿಯ ರಬ್ಬರು ಬೆವರಿಗೆ ಉಬ್ಬಿ ಎದ್ದಿತ್ತು,
ಪಂಕ್ಚರ್ ಅಂಗಡಿ ಗೋಂದಿನಲ್ಲಿ ಕೂರಿಸಿದ್ದೇನೆ.
ಬ್ಯಾಟರಿ ಬಾಗಿಲಿಗೆ ಕರಿ ಟೇಪು.
ಮೋಡದ ದಿನ ಮದುಮಗನ ಬಿಳಿ ಕುಪ್ಯ ನೀಲಿಗೆ ತಿರುಗುತ್ತೆ,
ಮನೆಗೆ ಬಂದು ತೊಳೀಬೇಕು.
ಈ ಉದ್ದ ಲೆನ್ಸು,
ಕಣ್ಣಿಗೆ ಗುರಿ ಇಟ್ಟರೆ ಕಿವಿಗೆ ಬೀಳುತ್ತೆ.
ಮೂಗಿಗೆ ಇಡು, ಕಣ್ಣಿಗೆ ಬೀಳುತ್ತೆ.
ಇಷ್ಟು ಕಲಿಯೋಕೆ ನನಗೆ ಹನ್ನೊಂದು ಮದುವೆ ಬೇಕಾಯ್ತು.

ಬೆಳಕಿಗೆ ಹಿಡಿ. ಅಂಚಿನಲ್ಲಿ ಜೇಡನ ಕಾಲಿನ ಹಾಗೆ,
ಕಾಣ್ತಾ? ಕಕ್ಕಡದ ಫಂಗಸ್ಸು.
ಹದಿನೈದು ವಾಟಿನ ಬಲ್ಬು ಉರಿಯೋ ಕಪಾಟಿನಲ್ಲೇ ಇಟ್ಟಿದ್ದೆ,
ಆ ವರ್ಷ ಒಂಬತ್ತು ದಿನ ಕರೆಂಟಿಲ್ಲ.
ಹೆಂಡತಿ ಒಲೆ ಮೇಲಿನ ಅಟ್ಟಕ್ಕೇರಿಸಿದಳು, ಒಣಮೀನಿನ ಪಕ್ಕ.
ಲೆನ್ಸು ಉಳೀತು.
ಮುಂದಿನ ಎರಡು ಮದುವೆಯಲ್ಲಿ ಬೆಕ್ಕುಗಳು ನನ್ನ ಹಿಂದೆ ಬಂದವು.
ವಿರಾಜಪೇಟೆ ಮೊಯ್ದು ಬಿಚ್ಚಿ ಒರೆಸ್ತೀನಿ ಅಂದ,
ಕೋಟಿಂಗೂ ಜೊತೆಗೆ ಹೋಗುತ್ತೆ ಅಂತಲೂ ಅವನೇ ಹೇಳಿದ.
ಬೇಡ ಅಂದೆ. ಹೇಳಿದ್ದಕ್ಕೆ ಇನ್ನೂರು ಕೊಟ್ಟೆ.

ಹೊಸದು ತಗೋಬೇಡ ಅನ್ನಲ್ಲ.
ಅದು ಕಣ್ಣನ್ನ ತಾನೇ ಹುಡುಕುತ್ತೆ, ಸದ್ದಿಲ್ಲ, ಹಗುರ.
ನಾನೂ ಸಾಲ ಮಾಡಿ ತಂದಿದ್ದೆ, ಒಂದೇ ಕಾರ್ಡಿನದು.
ಬಿಟ್ಟಂಗಾಲದ ಮದುವೆ, ಗಂಗಾಪೂಜೆ.
ಹುಡುಗಿ ತಲೆ ಮೇಲೆ ಕೊಡ ಹೊತ್ತು ನಿಂತಿದ್ದಾಳೆ,
ಗಂಡಿನ ಕಡೆಯವರು ವಾಲಗಕ್ಕೆ ಕುಣೀತಾ ದಾರಿ ಕಟ್ಟಿದ್ದಾರೆ,
ಕ್ಯಾಮೆರಾ ಬಿಸಿಯಾಗಿ ಕಪ್ಪಾಯ್ತು.
ಬ್ಯಾಟರಿ ತೆಗೆದೆ, ಹಾಕಿದೆ, ತೆಗೆದೆ.
ಹುಡುಗಿ ತುಟಿ ಅಲ್ಲಾಡಿಸದೆ ಅಂದಳು,
"ನಿಧಾನ ಮಾಡಿ ಅಣ್ಣಾ, ಇವರು ನನ್ನ ಈಗಲೇ ಬಿಡಲ್ಲ."
ಜೀವ ಬಂತು. ತೆಗೆದೆ. ರಾತ್ರಿ ಕಾರ್ಡು ಹಾಕಿದರೆ
ಬೆಳಗಿನಿಂದ ತೆಗೆದದ್ದು ಒಂದೂ ಇಲ್ಲ.
ಇದು ಅವತ್ತು ಮನೆಯಲ್ಲಿತ್ತು. ಮಂಚದ ಕೆಳಗೆ.

ಮೂರನೇ ದಿನ ಹೇಳೋಕೆ ಹೋದೆ.
ಅವಳಪ್ಪ ಪಳಂಗಪ್ಪ, ನಿವೃತ್ತ ಸುಬೇದಾರರು.
ಅಡ್ವಾನ್ಸು ಟೀಪಾಯಿ ಮೇಲಿಟ್ಟೆ, ಎಣಿಸಲಿಲ್ಲ.
ಗೋಡೆಯ ಕೋವಿ ನೋಡ್ತಾ ಇದ್ದರು, ತುಂಬಾ ಹೊತ್ತು.
"ಹಂದಿ ಎದುರು ಬಂದಾಗ ಕೋವಿ ಕೈಕೊಟ್ಟರೆ
ತಪ್ಪು ಕೋವಿಯದಲ್ಲ" ಅಂದರು.
ಆಮೇಲೆ ಕಾಫಿ ಬಂತು. ಕುಡಿದೆ. ಏನು ಮಾಡಲಿ?

ಅವತ್ತಿನಿಂದ ಎರಡು ಬಾಡಿ, ಎರಡು ಕಾರ್ಡು.
ಇದರಲ್ಲಿ ಎರಡಕ್ಕೂ ಜಾಗ ಇದೆ, ಎರಡೂ ತುಂಬು,
ಒಂದು ಖಾಲಿ ಬಿಟ್ಟೆ ಅಂತ ಗೊತ್ತಾದರೆ
ವಾಪಸ್ ಇಸ್ಕೋತೀನಿ.
ನಮ್ಮದು ಕೋವಿ ಇಲ್ಲದ ಮನೆ,
ಕೈಲ್ ಮುಹೂರ್ತಕ್ಕೆ ಇದರ ನೆತ್ತಿಗೇ ತೋಕ್‌ಪೂ ಸಿಕ್ಕಿಸ್ತಿದ್ದೆ,
ಫ್ಲ್ಯಾಶ್ ಕೂರೋ ಕಡೆ.
ನೀನು ಸಿಕ್ಕಿಸು, ಬಿಡು, ನಿನ್ನಿಷ್ಟ.

ಯಾಕೆ ಮಾರ್ತೀರಿ ಅಂತ ಕೇಳಲಿಲ್ಲ ನೀನು. ಒಳ್ಳೇದಾಯ್ತು.

ಮೂವತ್ತೆರಡು ಸಾವಿರ, ಲೆನ್ಸು ಸೇರಿ.
ದುಡ್ಡು ಆಮೇಲೆ, ಮೊದಲು ಒಂದು ಒತ್ತಿ ನೋಡು.
ಸದ್ದು ಕೇಳು, ಹಳೇ ಬೀಗ ಬಿದ್ದ ಹಾಗೆ.
ನನ್ನ ಮುಖವೇ ಇರಲಿ, ಹಲ್ಲು ತೋರಿಸಲ್ಲ.

ನಾನೂರ ಹದಿನಾಲ್ಕು.

ತೋರಿಸು.
ನೋಡಿದೆಯಾ, ಕಿವಿ ಬಂದಿದೆ.
ಕಿವಿಯ ಕೂದಲು ಬೇಕಾದರೂ ಎಣಿಸಬಹುದು.
ಇನ್ನೊಮ್ಮೆ.
ಮೂಗಿಗೆ.