ನವಾಜನಿಗೆ, ಮೊದಲ ದಿನ

ಕೂತ್ಕೋ ನವಾಜ್. ಆ ಸ್ಟೂಲಿನ ಒಂದು ಕಾಲು ಗಿಡ್ಡ,
ಗೋಡೆಗೆ ಒರಗಿಸಿದರೆ ನಿಲ್ಲುತ್ತೆ.
ವಿಸಿಟಿಂಗ್ ಕಾರ್ಡು ಆಮೇಲೆ ತೋರಿಸುವೆಯಂತೆ.
ಆ ಹೊಳೆಯುವ ಅಕ್ಷರಕ್ಕೆ ಎಷ್ಟು ಕೊಟ್ಟೆ? ಹೋಗಲಿ.

ರಾಮಮೂರ್ತಿನಗರದ ಈ ಜೆರಾಕ್ಸ್ ಅಂಗಡಿಯ ಮೆಟ್ಟಿಲಡಿ
ಇಪ್ಪತ್ತಾರು ವರ್ಷ ಕೂತವಳು ಹೇಳುತ್ತಿದ್ದೇನೆ:
ಮೊದಲು ಕಾಗದ ಓದು. ಆಮೇಲೆ ಕಾಗದ ಮರೆತು ಜಾಗ ನೋಡು.
ಎರಡೂ ಒಂದೇ ಮಾತಾಡಿದರೆ ಇನ್ನೊಮ್ಮೆ ನೋಡು.

ಮದರ್ ಡೀಡು ಬ್ಯಾಂಕಿನಲ್ಲಿದೆ ಅಂದರೆ ಯಾವ ಬ್ಯಾಂಕು ಅಂತ ಕೇಳು.
ಅಣ್ಣನ ಹತ್ತಿರ ಇದೆ ಅಂದರೆ ಎದ್ದು ಬಾ.
ಇ.ಸಿ. ಮೂವತ್ತು ವರ್ಷದ್ದು ತೆಗೆಸು;
ಹದಿಮೂರು ಸಾಕು ಅನ್ನುವವನಿಗೆ
ಹದಿನಾಲ್ಕನೇ ವರ್ಷದಲ್ಲಿ ಏನೋ ಇದೆ.
ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಎಣಿಸು.
ಗಂಡು ನಾಲ್ಕು, ಹೆಣ್ಣು ಸೊನ್ನೆ ಅಂತಿದ್ದರೆ
ಆ ಊರಿನ ಹಾಲಿನ ಡೈರಿ ಪಕ್ಕ ಒಂದು ಟೀ ಕುಡಿ,
ಹೊಸಕೋಟೆಗೆ ಕೊಟ್ಟ ಮಗಳ ಹೆಸರು
ಯಾರಾದರೂ ತಾವಾಗೇ ಹೇಳುತ್ತಾರೆ.

ಬಿ ಖಾತೆಯನ್ನು ಬಿ ಖಾತೆ ಅಂತಲೇ ಹೇಳು.
ನಾಳೆ ಎ ಆಗುತ್ತೆ ಅನ್ನಬೇಡ,
ನಾಳೆ ನಿನ್ನ ಕೈಲಿಲ್ಲ. ಕಮಿಷನ್ನು ಇವತ್ತೇ ಕೈಲಿರುತ್ತೆ.

ಸೈಟು ಎಲ್ಲರೂ ತೋರಿಸುವುದು ಭಾನುವಾರ ಬೆಳಿಗ್ಗೆ.
ನೀನು ಮಂಗಳವಾರ ಸಂಜೆ ಆರೂವರೆಗೆ ಒಬ್ಬನೇ ಹೋಗು,
ಟಿನ್ ಫ್ಯಾಕ್ಟರಿಯಿಂದ ಎಷ್ಟು ಹೊತ್ತು ಹಿಡಿಯಿತು, ಬರೆದುಕೋ.
ಜೋರು ಮಳೆಯಾದ ಮರುದಿನ ಚಪ್ಪಲಿ ಕೈಲಿ ಹಿಡಿದು ಹೋಗು:
ನೀರು ಯಾರ ಲೇಔಟ್ ಪ್ಲಾನನ್ನೂ ಕೇಳದೆ
ತನ್ನ ಹಳೇ ಕಾಲುವೆ ಎಲ್ಲಿತ್ತೋ ಅಲ್ಲೇ ಕೂತಿರುತ್ತೆ.
ಪಕ್ಕದ ಗೋಡೆಯ ಕೆಸರು ಗೆರೆಗೆ ನಿನ್ನ ಮೊಣಕಾಲು ಹಿಡಿದು ನೋಡು.
ಕಾವೇರಿ ನೀರು ಬರುತ್ತಾ ಅಂತ ಮಾಲೀಕನನ್ನು ಕೇಳಬೇಡ,
ಮೇಲ್ಮನೆಯ ಬಾಡಿಗೆ ಹೆಂಗಸನ್ನು ಕೇಳು.
ಟ್ಯಾಂಕರಿನವನ ನಂಬರು ಬಾಗಿಲ ಹಿಂದೆ
ಸೀಮೆಸುಣ್ಣದಲ್ಲಿ ಬರೆದಿದ್ದರೆ ಕೇಳುವುದೂ ಬೇಡ.

ದುಡ್ಡು ಹಾಕುವವರು ಬರುತ್ತಾರೆ,
ಕಾರು ಆಫ್ ಮಾಡದೆ ಗಾಜು ಇಳಿಸಿ,
ಎರಡು ವರ್ಷಕ್ಕೆ ಡಬಲ್ ಆಗುತ್ತಾ ಅನ್ನುತ್ತಾರೆ.
ಯಾವ ದುಡ್ಡು ಅಂತ ಕೇಳು. ಮಗಳ ಮದುವೆದ್ದಾದರೆ
ಬೇಡ ಅನ್ನು, ಬೈದರೂ ಪರವಾಗಿಲ್ಲ.
ಸೈಟು ಕೊಳ್ಳಲು ಒಂದು ಮಧ್ಯಾಹ್ನ ಸಾಕು,
ಮಾರಲು ಛತ್ರದವರು ಕೊಟ್ಟ ತಾರೀಖು ಸಾಲದು.

ಇಗೋ, ಇದನ್ನು ಇಟ್ಟುಕೋ. ಐವತ್ತಡಿ ಟೇಪು.
ಬಾಣಸವಾಡಿಯಲ್ಲಿ ಯಾವುದೋ ಗೇಟಿಗೆ ಸಿಕ್ಕಿ
ಮೊದಲ ಎರಡಡಿ ಹರಿದುಹೋಗಿದೆ.
ಅಳೆದ ಮೇಲೆ ಎರಡು ಕಳೆಯಬೇಕು.

ಒಂದು ಸಲ ನಾನು ಕಳೆಯಲಿಲ್ಲ.
ಸವರಿಮುತ್ತು ಅಂತ, ಐ.ಟಿ.ಐ.ನಲ್ಲಿ ಫಿಟ್ಟರ್,
ಕೂದಲ ದಪ್ಪಕ್ಕೂ ಲೆಕ್ಕ ಇಡುವ ಮನುಷ್ಯ.
ಈ ತುದಿ ಹಿಡಿದವಳು ನಾನೆಂದು ಬಗ್ಗಿ ನೋಡಲಿಲ್ಲ.
ಮೂವತ್ತು ನಲವತ್ತು ಅಂದೆ. ಇದ್ದದ್ದು ಮೂವತ್ತೆಂಟು.
ಮರೆತೆ ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ಮನೆಯಾಯಿತು. ಇಲ್ಲದ ಎರಡಡಿ ಮೆಟ್ಟಿಲಿಗೆ ಬಂತು.
ಪಾದ್ರಿ ಬಂದು ಆಶೀರ್ವದಿಸಿದ ದಿನ
ಫ್ರಿಜ್ಜು ಮೇಲೆ ಹೋಗಲಿಲ್ಲ.
ಈಗಲೂ ಅವರು ಅಡ್ಡ ತಿರುಗಿ ಹತ್ತುತ್ತಾರೆ,
ಬೆನ್ನು ಉಜ್ಜಿ ಉಜ್ಜಿ ಗೋಡೆಯ ಬಣ್ಣ ಹೋಗಿದೆ.
ಕ್ರಿಸ್‌ಮಸ್ಸಿಗೆ ಕೇಕು ಕಳಿಸುತ್ತಾರೆ:
"ಒಳ್ಳೇ ಜಾಗ ಕೊಡಿಸಿದಿರಿ ಅಮ್ಮ."

ಹೊಸ ಟೇಪು ಏನು ಮಹಾ, ಎದುರು ಹಾರ್ಡ್‌ವೇರಿನಲ್ಲೇ ಇದೆ.
ನೀನು ಇದರಲ್ಲೇ ಅಳೆ.
ಪ್ರತಿ ಸಲ ಬಾಯಿಬಿಟ್ಟು ಕಳೆ,
ಕೊಳ್ಳುವವರ ಕಿವಿಗೆ ಬೀಳುವ ಹಾಗೆ.

ಹನ್ನೊಂದಕ್ಕೆ ಹೊರಮಾವಿನಲ್ಲಿ ಗಂಡಹೆಂಡತಿ ಕಾಯುತ್ತಿದ್ದಾರೆ.
ಹೆಲ್ಮೆಟ್ಟು ಎರಡು ತಂದಿದ್ದೀಯ ತಾನೆ?