ಮುಖ ನೋಡಿ ಡೆಲ್ಟಾ

ಐದನೇ ಸೆಮಿಸ್ಟರಿಗೆ ಉತ್ತರಗಳು ನಿಂತುಹೋದವು.
ಅಲ್ಲಿಯವರೆಗೆ ಪುಸ್ತಕದ ಬೆನ್ನಿಗೇ ಇರುತ್ತಿದ್ದವು,
ಬೆಸ ಲೆಕ್ಕಗಳದ್ದು ಮಾತ್ರ; ಸಮದ್ದನ್ನು
ಝುಲೈಖಾಳ ನೋಟ್ಸಿನಿಂದ ಇಳಿಸಿಕೊಂಡರೆ ಆಗುತ್ತಿತ್ತು.
ಡಿಫರೆನ್ಶಿಯೇಷನ್ ಎಂದರೆ ನನಗೆ ಬೂತಾಯಿ ಚೊಕ್ಕ ಮಾಡಿದ ಹಾಗೆ:
ತಲೆ ಮುರಿ, ಹೊಟ್ಟೆ ಬಿಡಿಸು, ತೊಳೆ, ಮುಂದಿನದ್ದು.

ಈಗ ಪ್ರಶ್ನೆಯೊಳಗೇ ಉತ್ತರ ಬರೆದಿರುತ್ತದೆ.
ಹೀಗೆ ಉಂಟು. ಯಾಕೆ ಉಂಟು, ಹೇಳು.

ಮೂವತ್ತು ಬೆಂಚಿಗೆ ಏಳೇ ಮಂದಿ ನಾವು.
ಹಿಲ್ಡಾ ಮಿಸ್ಸು ಖಾಲಿ ಬೆಂಚುಗಳಿಗೂ ಕೇಳುವ ಹಾಗೆ ಹೇಳುತ್ತಾರೆ,
ಸೀರೆಯ ಸೆರಗಿಗೆಲ್ಲ ಚಾಕಿನ ಹುಡಿ:
"ಯಾರೋ ಒಬ್ಬ ಎಪ್ಸಿಲಾನ್ ಹಿಡಿದುಕೊಂಡು ಬರುತ್ತಾನೆ.
ನಿಮಗೆ ಬೇಕಾದಷ್ಟಲ್ಲ, ಅವನಿಗೆ ಬೇಕಾದಷ್ಟು ಸಣ್ಣದು.
ನೀವು ಡೆಲ್ಟಾ ಕೊಡಬೇಕು.
ಕೊಟ್ಟಿರೋ, ಇನ್ನೂ ಸಣ್ಣದು ತರುತ್ತಾನೆ."
ಹಿಂದಿನಿಂದ ಮಿತೇಶ್: "ಅವನಿಗೆ ಬೇರೆ ಕೆಲಸ ಇಲ್ವಾ ಮಿಸ್?"
"ಇಲ್ಲ," ಎಂದರು, ನಗದೆ.

ಇಂಟರ್ನಲ್ಸಿನಲ್ಲಿ ಇಪ್ಪತ್ತಕ್ಕೆ ಮೂರು.
ಒಂದು ಕಡೆ ನಾನು "ಕ್ಲಿಯರ್ಲಿ" ಎಂದು ಬರೆದಿದ್ದೆ,
ಪುಸ್ತಕದವರು ಬರೆಯುತ್ತಾರಲ್ಲ, ಆ ಧೈರ್ಯದಲ್ಲಿ.
ಪಕ್ಕಕ್ಕೆ ಕೆಂಪು ಶಾಯಿ, ಇಡೀ ಪೇಪರಿನಲ್ಲಿ
ಕನ್ನಡದ ಒಂದೇ ಪದ: "ಯಾರಿಗೆ?"

ಆ ಪದವನ್ನು ಮಡಚಿ ಬ್ಯಾಗಿಗೆ ಹಾಕಿ
ಬಂದರಿನಿಂದ ಬೆಂಗ್ರೆಯ ಫೆರಿ ಹತ್ತಿದೆ.
ದೂರಕ್ಕೆ ಅಳಿವೆಬಾಗಿಲು, ಹೊಳೆ ಕಡಲಾಗುವ ಜಾಗ.
ಎಲ್ಲಿ ಮುಗಿಯಿತು ಇದು, ಎಲ್ಲಿ ಶುರು ಅದು?
ಯಾವ ಬಿಂದುವಿನ ಸುತ್ತ ಎಷ್ಟು ಸಣ್ಣ ವೃತ್ತ ಎಳೆದರೂ
ಸಿಹಿಯ ತೊಟ್ಟೂ ಉಪ್ಪಿನ ತೊಟ್ಟೂ ಒಳಗೆ ಬೀಳುತ್ತದೋ
ಅದು ಗಡಿ. ಬಾಯಿಪಾಠ ಬರುತ್ತಿತ್ತು ನನಗೆ.
ನೀರನ್ನು ನೋಡಿಕೊಂಡು ಹೇಳಿದ್ದು ಅವತ್ತೇ ಮೊದಲು.

ಶನಿವಾರ ದಕ್ಕೆಯಲ್ಲಿ ಅಮ್ಮನ ಬುಟ್ಟಿಯ ಪಕ್ಕ ಕೂತೆ.
ಕಾರಿನಿಂದ ಇಳಿದವರಿಗೆ ಅಂಜಲ್ ಒಂದು ದರ,
ಹೋಟೆಲಿನ ಐತಪ್ಪಣ್ಣನಿಗೆ ಇನ್ನೊಂದು,
ಅಪ್ಪಿಯಕ್ಕನಿಗೆ ದರವೇ ಇಲ್ಲ:
"ಕೊಂಡೋಗು, ನಾಳೆ ನೋಡುವ."
ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ.
ಎಷ್ಟಕ್ಕೆ ಎನ್ನುವುದು ಮಾತ್ರ ನಿಂತವರ ಮುಖ ನೋಡಿ.

ಎದುರಿಗೆ ಹೊಸ ಎ.ಸಿ. ಮೀನಂಗಡಿಯ ಬೋರ್ಡು:
ಎಲ್ಲರಿಗೂ ಒಂದೇ ದರ.

ಎದ್ದು ನಿಂತುಬಿಟ್ಟೆ, ಕೈಯಲ್ಲಿ ಬಂಗುಡೆ.
"ಅಮ್ಮಾ, ನೀನು ಬರೇ ಕಂಟಿನ್ಯುಯಸ್ಸು,
ಆ ಅಂಗಡಿ ಯೂನಿಫಾರ್ಮ್ ಕಂಟಿನ್ಯುಯಸ್ಸು!"
ಅಮ್ಮ ಮಂಜುಗಡ್ಡೆ ಸರಿಸುತ್ತಾ ತುಳುವಿನಲ್ಲಿ ಕೇಳಿದಳು,
ಬೈದದ್ದಾ, ಹೊಗಳಿದ್ದಾ?

ರಾತ್ರಿ ಪ್ರೂಫ್ ಬರೆಯಲು ಕೂತೆ, ಒಬ್ಬಳೇ, ನೋಟ್ಸಿಲ್ಲದೆ.
ಸೆಟ್ಟು ಮುಚ್ಚಿದ್ದಾಗಿರಲಿ, ಮಿತಿಯೊಳಗಿರಲಿ.
ಆಗ ಸಾವಿರ ಮುಖ ಬೇಡ, ಎಣಿಸುವಷ್ಟೇ ಕೆಲವು ಸಾಕು;
ಆ ಕೆಲವರ ಡೆಲ್ಟಾಗಳಲ್ಲಿ ಎಲ್ಲಕ್ಕಿಂತ ಸಣ್ಣದನ್ನು
ತೆಗೆದು ಎಲ್ಲರಿಗೂ ಕೊಡು.
ಅಲ್ಲಿಗೆ ಬಂದು ಪೆನ್ನು ನಿಂತಿತು.
ಎಲ್ಲಕ್ಕಿಂತ ಸಣ್ಣದು ಅಪ್ಪಿಯಕ್ಕನದ್ದು.
ಸೊನ್ನೆ.
ಸೊನ್ನೆ ಡೆಲ್ಟಾ ಆಗಲಿಕ್ಕಿಲ್ಲ.

ಕತ್ತಲೆಯಲ್ಲಿ ಚಾಪೆ ಬಿಡಿಸುತ್ತಿದ್ದ ಅಮ್ಮನನ್ನು ಕೇಳಿದೆ,
ಅಪ್ಪಿಯಕ್ಕ ದುಡ್ಡು ಕೊಟ್ಟದ್ದುಂಟಾ ಯಾವಾಗಲಾದರೂ?
"ನಾಳೆ ಕೊಡ್ತಾಳಂತೆ."
ಎಷ್ಟು ಸಮಯದಿಂದ?
"ಹನ್ನೊಂದು ವರ್ಷ ಆಯ್ತು."
ಹಾಗಾದರೆ ಸೊನ್ನೆಯೇ ಅಲ್ವಾ ಅಮ್ಮ?
ತುಂಬ ಹೊತ್ತು ಮಾತಿಲ್ಲ. ಆಚೆ ಕಡಲು.
"ಸೊನ್ನೆ ಎಂತಕ್ಕೆ? ದಾನ ಕೊಟ್ಟದ್ದಾ ನಾನು?
ಸಾಲ ಅದು. ಅವಳ ಎದುರು ಸೊನ್ನೆ ಅಂತ ಹೇಳಬೇಡ."

ಗಣಿತಕ್ಕೆ ಇದು ಒಪ್ಪುವ ಉತ್ತರ ಅಲ್ಲ, ಗೊತ್ತುಂಟು.
ಉಪಮೆ ಮುರಿದರೂ ಪ್ರೂಫಿಗೆ ಏನೂ ಆಗುವುದಿಲ್ಲ,
ಅದೂ ಗೊತ್ತುಂಟು.
ಕೊನೆಯ ಸಾಲು ಬರೆದೆ:
ಡೆಲ್ಟಾ ಸೊನ್ನೆಗಿಂತ ದೊಡ್ಡದು.
ಯಾಕೆಂದು ಅದರ ಕೆಳಗೆ ಮೂರು ಸಾಲು.
ಕ್ಲಿಯರ್ಲಿ ಎಂದು ಬರೆಯಲಿಲ್ಲ.