ಚೌಕಟ್ಟು

ಕಾರೆಕೆರೆ ಕಾಲೇಜಿನಲ್ಲಿ ಮೊದಲ ವಾರ
ಕೈಗೆ ಕೊಟ್ಟದ್ದು ಪುಸ್ತಕವಲ್ಲ,
ನಾಲ್ಕು ರೀಪರು, ನಾಲ್ಕು ಮೊಳೆ:
ಮೀಟರಿಗೆ ಮೀಟರಿನ ಒಂದು ಚೌಕಟ್ಟು.
"ಕಣ್ಣು ಮುಚ್ಚಿ ಎಸೀರಿ," ಅಂದರು ಹಾಲಪ್ಪ ಮೇಷ್ಟ್ರು,
"ಬಿದ್ದಲ್ಲಿ ಕೂತು ಎಣಿಸಿ. ಆರಿಸಬೇಡಿ."

ನನ್ನದು ಬಿದ್ದದ್ದು ಬದುವಿನ ಮಗ್ಗುಲಿಗೆ.
ರಾಗಿ ಹನ್ನೊಂದು ಬುಡ, ಗರಿಕೆ ನಲವತ್ತಮೂರು,
ಹೆಸರು ಗೊತ್ತಿಲ್ಲದ್ದು ಎರಡು,
ಅಣ್ಣೆಸೊಪ್ಪು ಏಳು.
ಅದನ್ನು ಕಳೆಯ ಕಾಲಮ್ಮಿಗೆ ಬರೆಯುವಾಗ
ಪೆನ್ನು ಒಂದು ಗಳಿಗೆ ನಿಂತಿತು.
ಅವ್ವ ಅದರಲ್ಲೇ ಅಲ್ಲವೆ
ಬಸ್ಸಾರು ಮಾಡುತ್ತಿದ್ದದ್ದು.

"ಹೊಲ ಉಳಾಕೂ ಡಿಗ್ರಿನಾ?" ಅಂದಿದ್ದ ಸೋದರಮಾವ.
ಉತ್ತರ ಹೇಳಲಿಲ್ಲ, ಸಾವಿರ ಕಾಳಿನ ತೂಕ ಹಾಕುತ್ತಿದ್ದೆ.
ನಾಲ್ಕು ವರ್ಷ:
ಗುಂಡಿಯೊಳಗಿಳಿದು ಮಣ್ಣಿನ ಪದರ ಓದಿದ್ದು,
ಆಲೂಗಡ್ಡೆ ಎಲೆ ಮಗುಚಿ
ಅಂಗಮಾರಿಯ ಬಿಳಿ ಬೂಷ್ಟು ಹುಡುಕಿದ್ದು,
ಒಂದು ಮೂಟೆ ಯೂರಿಯಾದಲ್ಲಿ ಸಾರಜನಕ ಎಷ್ಟು
ಅನ್ನುವುದು ನಿದ್ದೆಯಲ್ಲೂ ಬಾಯಿಗೆ ಬಂದದ್ದು.

ಆಮೇಲೆ ನಮ್ಮನ್ನೂ ಯಾರೋ
ಕಣ್ಣು ಮುಚ್ಚಿ ಎಸೆದರು.
ಫರ್ಜಾನಾ ಸಕಲೇಶಪುರದ ಬ್ಯಾಂಕಿನಲ್ಲಿ
ಮೆಣಸಿನ ಬಳ್ಳಿಗೆ ಸಾಲ ಕೊಡುತ್ತಾಳೆ.
ಮರಿದೇವ ಬೀಜದ ಕಂಪನಿ; ಯಾವ ಊರಿನ ಅಂಗಡಿ ಚಹಾಕ್ಕೆ
ಸಕ್ಕರೆ ಜಾಸ್ತಿ ಅಂತ ಅವನನ್ನೇ ಕೇಳಬೇಕು.
ನಂಜೇದೇವರು ಮೂರು ಸಲ ಪರೀಕ್ಷೆ ಬರೆದು
ಟೊಮೆಟೊ ಸಸಿಯ ನರ್ಸರಿ ಹಾಕಿದ, ನಮಗಿಂತ ದಪ್ಪಗಿದ್ದಾನೆ.
ಚಂದ್ರಕಲಾ ಧಾರವಾಡದಲ್ಲಿ
ಒಂದೇ ಒಂದು ಕಳೆಯ ಮೇಲೆ ಐದನೇ ವರ್ಷ.

ನಾನು ಇಲಾಖೆ. ಅರಸೀಕೆರೆ ಕಡೆ
ವಿಮೆಗೆ ಬೆಳೆ ಕಟಾವು ಪ್ರಯೋಗ.
ಈಗ ಚೌಕಟ್ಟು ಐದಕ್ಕೆ ಐದು, ಹಗ್ಗ ಮತ್ತು ಗೂಟ;
ಕಣ್ಣು ಮುಚ್ಚುವ ಕೆಲಸ ಮೊಬೈಲಿನದು.
ಉದ್ದಕ್ಕೆ ಹದಿನೇಳು ಹೆಜ್ಜೆ, ಅಡ್ಡಕ್ಕೆ ಒಂಬತ್ತು ಅಂದಿತು.
ನಡೆದು ನೋಡಿದರೆ ಹೊಲದ ಬೋಳು ಮೂಲೆ.

"ಒಂದೆರಡ್ ಮಾರು ಆಚ್ಗೆ ಹಾಕವ್ವ ಗೂಟವ,"
ಬೋರಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.
"ಸುಮ್ಕಿರಕ್ಕ," ಪಕ್ಕದ ಹೊಲದವನ ಪಿಸುಮಾತು,
"ಕಮ್ಮಿ ಬಂದ್ರೆ ತಾನೆ ದುಡ್ಡು ಬರೋದು."
"ದುಡ್ಡು ಬರ್ಲಿ ಬುಡು. ಕಾಗ್ದದಾಗೆ
ನನ್ ಹೆಸ್ರು ಇರ್ತದಲ್ಲ,
ಬೋರಮ್ಮನ ರಾಗಿ ಇಷ್ಟೇಯ ಅಂತ?"

ಹಾಲಪ್ಪ ಮೇಷ್ಟ್ರು ಇದನ್ನು ಕಲಿಸಿರಲಿಲ್ಲ.
ಗೂಟ ಅಲ್ಲೇ ಹೊಡೆದೆ.
ಕೊಯ್ದು, ಬಡಿದು, ತೂರಿ, ತೂಗಿದರೆ
ಒಂದು ಕೆಜಿ ಎಂಟುನೂರು ಗ್ರಾಂ.
ಷರಾ ಅನ್ನುವ ಜಾಗದಲ್ಲಿ ಬರೆದೆ:
ಕೆರೆ ಮಗ್ಗುಲ ಬೆಳೆ ಬಲು ಚೆನ್ನ.
ಓದಿ ಹೇಳಿದೆ. ಅವಳು ಇನ್ನೊಮ್ಮೆ ಓದಿಸಿದಳು.

ಹಗ್ಗ ಸುತ್ತುತ್ತಿದ್ದಾಗ
ಅದೇ ಚೌಕದೊಳಗೆ ಕುಕ್ಕರಗಾಲಲ್ಲಿ ಕೂತು
ಇನ್ನೂ ತೆನೆಗಟ್ಟದ ಅಣ್ಣೆಸೊಪ್ಪಿನ ಕುಡಿ ಚಿವುಟಿದಳು,
ಒಂದು ಹಿಡಿ.
"ಇದು ನಿನ್ ಲೆಕ್ಕಕ್ಕೆ ಬತ್ತದಾ?"
ಇಲ್ಲ ಅಂದೆ.
"ಹಂಗಾರೆ ಮನೆಗೆ ತಗಂಡೋಗು."